ಹತ್ತು ಸಾವಿರ ಗಂಟೆಯ ಲೆಕ್ಕ ಎಲ್ಲಿಂದ ಬಂತು?

ಬೆಳಿಗ್ಗೆ ಕಂಠೀರವ ಕ್ರೀಡಾಂಗಣದ ಹೊರಗೆ ಮಕ್ಕಳಿಗಾಗಿ ಕಾಯುವ ಅಪ್ಪ-ಅಮ್ಮಂದಿರ ಮೊಬೈಲಿಗೆ ಒಂದು ಸಂದೇಶ ಆಗಾಗ ಬರುತ್ತದೆ. 10,000 ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಚಾಂಪಿಯನ್ ಆಗಬಹುದು ಅಂತ. ಕಳಿಸುವವರ ಉದ್ದೇಶ ಒಳ್ಳೆಯದೇ. ಲೆಕ್ಕ ಮಾತ್ರ ಸರಿಯಿಲ್ಲ.

ಈ ಸಂಖ್ಯೆಯ ಮೂಲ 1993ರ ಒಂದು ಅಧ್ಯಯನ. ಅದರಲ್ಲಿದ್ದವರು ಓಟಗಾರರಲ್ಲ, ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳು! ಅವರಲ್ಲಿ ತುಂಬ ಚೆನ್ನಾಗಿ ನುಡಿಸುವವರು 20ನೇ ವಯಸ್ಸಿನೊಳಗೆ ಮಾಡಿದ್ದ ಅಭ್ಯಾಸದ ಸರಾಸರಿ ಸುಮಾರು 10,000 ಗಂಟೆ. ಸರಾಸರಿ ಅಂದಮೇಲೆ ಕೆಲವರದು ಕಡಿಮೆ, ಕೆಲವರದು ಜಾಸ್ತಿ, ಅಲ್ವಾ? ಅಷ್ಟು ಮಾಡಿದವರೆಲ್ಲ ಗೆಲ್ಲುತ್ತಾರೆ ಎಂದು ಅಲ್ಲಿ ಹೇಳಿಯೇ ಇಲ್ಲ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕ್ರೀಡೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಇಂಥ ಅಭ್ಯಾಸದ ಪಾಲು ಸುಮಾರು ಶೇ. 18 ಎಂದು ಕಂಡಿತು.

ಹಾಗಂತ ಅಭ್ಯಾಸ ದಂಡ ಅಲ್ಲ. ಆದರೆ ಕಲಿಯುವ ಮನಸ್ಸು ಅಂದರೆ ಸುಮ್ನೆ ಗಂಟೆ ಎಣಿಸುವುದಲ್ಲ. ಲಾಂಗ್ ಜಂಪಿನಲ್ಲಿ ಕಾಲು ಹಲಗೆ ದಾಟಿ ಪದೇಪದೇ ಫೌಲ್ ಆಗುತ್ತಿದ್ದರೆ, ಹಾಗೇ ನೂರು ಸಲ ಓಡಿ ಏನು ಬಂತು? ಓಟ ಶುರು ಮಾಡುವ ಗುರುತನ್ನು ಸ್ವಲ್ಪ ಹಿಂದಕ್ಕಿಟ್ಟು ನೋಡಬೇಕು.

ಇಂಥ ಸಂದೇಶ ಬಂದರೆ ಮೊದಲು ಗುಣಿಸಿ ನೋಡಿ. ದಿನಕ್ಕೆ 3 ಗಂಟೆ, ಒಂದು ದಿನವೂ ರಜೆ ಇಲ್ಲ ಅಂದರೂ 9 ವರ್ಷಕ್ಕಿಂತ ಜಾಸ್ತಿ ಬೇಕು. ಆಮೇಲೆ ಕೇಳಿಕೊಳ್ಳಿ: ಯಾರ ಮೇಲೆ ಮಾಡಿದ ಅಧ್ಯಯನ? ಅಷ್ಟೇ ಬೆವರು ಸುರಿಸಿಯೂ ಸೋತವರ ಲೆಕ್ಕ ಇದೆಯಾ? ಮೂಲ ಅಧ್ಯಯನದ ಸಾರಾಂಶ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಓದಲು ಐದು ನಿಮಿಷ ಸಾಕು.