ಬೆನ್ನು ಹನ್ನೆರಡು ಫಾರಂ

ಕಳೆದ ಭಾನುವಾರ ನನ್ನ ಮೊದಲ ಕಾದಂಬರಿಯ ಮುಖಪುಟ ಅನಾವರಣವಾಯಿತು. ಮೊದಲ ವಾಕ್ಯ ಇನ್ನೂ ಆಗಬೇಕಿದೆ.

ಸಭೆಯಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಬಣ್ಣದ ಕಾಗದ ಸುತ್ತಿದ ಫ್ರೇಮನ್ನು ಮುಖ್ಯ ಅತಿಥಿಗಳು ಬಿಚ್ಚಿದರು, ವೇದಿಕೆಯ ಮೇಲಿದ್ದ ಏಳೂ ಜನ ಅದರ ಒಂದೊಂದು ತುದಿ ಹಿಡಿದುಕೊಂಡರು, ಕ್ಯಾಮೆರಾದವನು ‘ಸಾರ್, ಸ್ವಲ್ಪ ಎತ್ತಿ’ ಎಂದ. ಫ್ರೇಮು ಚಿಕ್ಕದು, ಹಿಡಿದವರು ಹೆಚ್ಚು. ಹಾಗಾಗಿ ಫೋಟೋದಲ್ಲಿ ಮುಖಪುಟಕ್ಕಿಂತ ಬೆರಳುಗಳೇ ಜಾಸ್ತಿ ಬಂದಿವೆ. ‘ಒಂದೇ ಗುಕ್ಕಿಗೆ ಓದಿ ಮುಗಿಸಿದೆ’ ಎಂದು ಅತಿಥಿಗಳು ಭಾಷಣ ಶುರು ಮಾಡಿದರು. ಸುಳ್ಳೆನ್ನಲಾಗದು. ಇದ್ದದ್ದೇ ಶೀರ್ಷಿಕೆ. ಅದರ ಕೊನೆಗೆ ಮೂರು ಚುಕ್ಕಿ.

ಇದೆಲ್ಲ ಶುರುವಾದದ್ದು ಒಂದು ಮದುವೆ ಊಟದ ಪಂಕ್ತಿಯಲ್ಲಿ. ‘ರಿಟೈರ್ ಆದ್ಮೇಲೆ ಹೊತ್ತು ಹೇಗೆ ಕಳೀತೀರಿ?’ ಎಂದು ಪಕ್ಕದ ಎಲೆಯವರು ಕೇಳಿದರು. ನನ್ನ ಬಾಯಲ್ಲಿ ಹೋಳಿಗೆ, ಮನಸ್ಸಿನಲ್ಲಿ ಮರ್ಯಾದೆ ಉಳಿಸಿಕೊಳ್ಳುವ ಅವಸರ. ‘ಒಂದು ಕಾದಂಬರಿ ಬರೀಬೇಕು ಅಂತಿದೀನಿ’ ಅಂದೆ. ಅಷ್ಟರಲ್ಲಿ ತುಪ್ಪ ಬಂತು. ಅವರು ‘ಬೇಕು ಅಂತಿದೀನಿ’ಯನ್ನು ತುಪ್ಪದ ಜೊತೆ ನುಂಗಿಬಿಟ್ಟರು, ‘ಕಾದಂಬರಿ’ಯನ್ನು ಮಾತ್ರ ಪಕ್ಕದ ಎಲೆಗೆ ದಾಟಿಸಿದರು. ಮಜ್ಜಿಗೆ ಬರುವ ಹೊತ್ತಿಗೆ ಎದುರು ಸಾಲಿಗೂ ಗೊತ್ತಾಗಿತ್ತು. ಕೈ ತೊಳೆಯಲು ಎದ್ದರೆ ನಲ್ಲಿಯ ಹತ್ತಿರ ಪ್ರಕಾಶಕರೊಬ್ಬರು ಕಾದು ನಿಂತಿದ್ದರು.

ಅವರು ಕಥೆ ಏನೆಂದು ಕೇಳಲಿಲ್ಲ. ‘ಎಷ್ಟು ಫಾರಂ?’ ಎಂದರು.

ಅಚ್ಚಿನ ಮನೆಯ ಕಡೆ ತಲೆ ಹಾಕಿ ಮಲಗದವರಿಗೆ ಹೇಳುತ್ತೇನೆ: ಡೆಮಿ 1/8 ಆಕಾರದಲ್ಲಿ ಒಂದು ಫಾರಂ ಅಂದರೆ 16 ಪುಟ. ಪುಸ್ತಕ ಬೆಳೆಯುವುದು ಅಧ್ಯಾಯದ ಲೆಕ್ಕದಲ್ಲಲ್ಲ, ಫಾರಮ್ಮಿನ ಲೆಕ್ಕದಲ್ಲಿ. ‘ಇನ್ನೂ ಬರೆದಿಲ್ಲ, ಎಷ್ಟಾಗುತ್ತೋ’ ಎಂದೆ. ಪ್ರಕಾಶಕರು ಮಗುವಿಗೆ ಮಗ್ಗಿ ಹೇಳಿಕೊಡುವ ತಾಳ್ಮೆಯಿಂದ ವಿವರಿಸಿದರು. ‘ಬರೆಯೋದು ಆಮೇಲಿನ ಮಾತು ಸಾರ್. ಪುಟ ಗೊತ್ತಾಗ್ದೆ ಬೆನ್ನಿನ ದಪ್ಪ ಗೊತ್ತಾಗಲ್ಲ. ಬೆನ್ನು ಗೊತ್ತಾಗ್ದೆ ಮುಖಪುಟ ಮಾಡೋಕಾಗಲ್ಲ. ಮುಖಪುಟ ಇಲ್ದೆ ಫೇಸ್‌ಬುಕ್ಕಿಗೆ ಏನು ಹಾಕ್ಲಿ?’ ಅದರ ಮೇಲೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮಾತು ಬಂತು. ಅಲ್ಲಿ ಬೆಲೆ ಪುಟದ ಮೇಲೆ. ಪುಟದಲ್ಲಿ ಏನಿದೆ ಎಂಬುದಕ್ಕೆ ಬೇರೆ ಕಾಲಂ ಇಲ್ಲ. ಕೊನೆಗೆ ಹನ್ನೆರಡು ಫಾರಂ, ಅಂದರೆ 192 ಪುಟ ಎಂದು ಎಲೆಅಡಿಕೆ ಹಾಕಿಕೊಂಡು ನಿಶ್ಚಯವಾಯಿತು. ಮದುವೆ ಮನೆಯಲ್ಲಿ ಅವತ್ತು ಎರಡು ಬೆನ್ನು ಬಾಗಿದವು, ಮದುಮಗನದು ಒಂದು.

ಮುಖಪುಟವನ್ನು ಎಐ ಹತ್ತು ನಿಮಿಷದಲ್ಲಿ ಮಾಡಿಕೊಟ್ಟಿತು. ಒಂಟಿ ಮರ, ಬೆನ್ನು ತಿರುಗಿಸಿ ನಿಂತ ಹೆಂಗಸು, ಹಾರುವ ಐದು ಹಕ್ಕಿ. ಈ ಮೂರೂ ಇಲ್ಲದ ಕನ್ನಡ ಕಾದಂಬರಿಯನ್ನು ಅಂಗಡಿಯವರು ಗೈಡು ಅಂದುಕೊಂಡು ಬೇರೆ ಕಪಾಟಿಗೆ ಹಾಕುತ್ತಾರಂತೆ. ‘ಮಲೆನಾಡಿನ ಮನೆ’ ಎಂದು ಹೇಳಿದ್ದಕ್ಕೆ ಅಡಿಕೆ ತೋಟದ ಹಿಂದೆ ಹಿಮದ ಬೆಟ್ಟವೊಂದು ಬಂದು ಕೂತಿತ್ತು. ನಾನು ಹೌಹಾರಿದೆ. ಪ್ರಕಾಶಕರು ಹೌಹಾರಲಿಲ್ಲ. ‘ಇರ್ಲಿ ಬಿಡಿ, ನಾಯಕಿ ಕೊನೇಲಿ ಹಿಮಾಲಯಕ್ಕೆ ಹೋಗ್ಲಿ. ಆಫ್‌ಸೆಟ್‌ನಲ್ಲಿ ಸಾವಿರ ಮುಖಪುಟ ಹೊಡೆಸಾಗಿದೆ.’ ಪುಸ್ತಕ ಮಾತ್ರ ಮುನ್ನೂರು ಪ್ರತಿ. ಮಿಕ್ಕ ಏಳುನೂರು ಮುಖಪುಟಗಳ ಗತಿ ಏನೆಂದು ಕೇಳಿದೆ. ‘ಎರಡನೇ ಮುದ್ರಣಕ್ಕೆ’ ಎಂದರು. ಒಂದು ಸಾಲೂ ಬರೆಯದ ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟವರು ಜೀವಮಾನದಲ್ಲಿ ಇನ್ನೊಬ್ಬರಿಲ್ಲ. ಕಣ್ಣು ತುಂಬಿ ಬಂತು. ಆಮೇಲೆ ಬಿಲ್ಲು ಬಂತು.

ಇಷ್ಟಾದ ಮೇಲೆ ಬರೆಯುವುದನ್ನು ಕಲಿಯಬೇಕಲ್ಲ. ಮೂರು ದಿನದ ‘ಮೊದಲ ಕಾದಂಬರಿ ಕಮ್ಮಟ’ಕ್ಕೆ ಹಣ ಕಟ್ಟಿದೆ. ಊಟ, ಎರಡು ಹೊತ್ತಿನ ಕಾಫಿ, ಪ್ರಮಾಣಪತ್ರ ಎಲ್ಲ ಸೇರಿ. ಪಾಠ ಹೇಳಿದವರು ಹನ್ನೆರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿರುವ ಅನುಭವಿಗಳು. ಬರೆದು ಮುಗಿಸಿಬಿಟ್ಟರೆ ‘ಶುರು ಮಾಡುವುದು ಹೇಗೆ’ ಎಂಬ ವಿಷಯದ ಮೇಲಿನ ಹಿಡಿತ ತಪ್ಪಿಹೋಗುತ್ತದೆ ಎಂಬ ಎಚ್ಚರ ಅವರಿಗಿದೆ.

ಮೊದಲ ದಿನ ಪೂರ್ತಿ ಪೆನ್ನು. ಎರಡನೇ ದಿನ ಬೆಳಿಗ್ಗೆ ಐದಕ್ಕೆ ಏಳುವುದು, ಮಧ್ಯಾಹ್ನ ಪಾತ್ರಗಳಿಗೆ ಜಾತಕ ಬರೆಯುವುದು. ನನ್ನ ಪಕ್ಕದಲ್ಲಿ ಕೂತಿದ್ದ ಸಾಫ್ಟ್‌ವೇರ್ ಹುಡುಗ ತನ್ನ ನಾಯಕನ ರಕ್ತದ ಗುಂಪು, ಚಪ್ಪಲಿಯ ಅಳತೆ, ಎಸೆಸೆಲ್ಸಿ ಅಂಕ ಎಲ್ಲವನ್ನೂ ಎಕ್ಸೆಲ್‌ನಲ್ಲಿ ತುಂಬಿದ್ದ. ಕಥೆಯಲ್ಲಿ ಅವನು ಏನು ಮಾಡುತ್ತಾನಪ್ಪ ಎಂದೆ. ‘ಅದು ಮುಂದಿನ ಶೀಟು ಅಂಕಲ್’ ಎಂದ. ಮೂರನೇ ದಿನದ ವಿಷಯ ‘ದೂರ’. ಅನಂತಮೂರ್ತಿಯವರು ‘ಸಂಸ್ಕಾರ’ ಬರೆದಾಗ ಇದ್ದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಅಲ್ಲಿ ಕೂತು ಮಲೆನಾಡಿನ ಅಗ್ರಹಾರವನ್ನು ಬರೆದರು, ಆದ್ದರಿಂದ ಬರಹಗಾರನಿಗೆ ವಸ್ತುವಿನಿಂದ ದೂರ ಬೇಕು ಎಂದು ಗುರುಗಳು ಹೇಳಿದರು. ಅದನ್ನು ಎಲ್ಲರೂ ಬರೆದುಕೊಂಡರು. ಇಬ್ಬರು ಅಲ್ಲೇ ವಿಮಾನದ ದರ ನೋಡಿದರು. ನಾನು ಮನೆಗೆ ಬಂದು ನನಗೆ ದೂರ ಬೇಕಾಗಿದೆ ಎಂದೆ. ‘ತಾರಸಿ ಮೇಲೆ ಹೋಗಿ ಕೂತ್ಕೊಳ್ಳಿ, ಹಾಗೇ ಸಂಡಿಗೆ ಕಾಗೆ ಪಾಲಾಗದ ಹಾಗೆ ನೋಡ್ಕೊಳ್ಳಿ’ ಎಂದಳು ಹೆಂಡತಿ. ಪಿಎಚ್‌ಡಿ ಮಾಡಲು ಹೋಗಿದ್ದ ಅನಂತಮೂರ್ತಿಯವರು ಕಾದಂಬರಿ ಬರೆದರು ಎಂಬುದರಿಂದ ಇನ್ನೊಂದು ಪಾಠವನ್ನೂ ತೆಗೆಯಬಹುದಿತ್ತು, ಆದರೆ ಅದಕ್ಕೆ ಪ್ರಮಾಣಪತ್ರ ಕೊಡುವುದು ಕಷ್ಟ.

ಕಮ್ಮಟದಲ್ಲಿ ಒಂದೇ ಒಂದು ಅಪಸ್ವರ. ಕೊನೆಯ ಸಾಲಿನಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು, ಹಾಸನದ ಕಡೆಯ ಮಾತು, ಮೂರು ದಿನವೂ ಬಾಯಿ ಬಿಟ್ಟಿರಲಿಲ್ಲ. ಸಮಾರೋಪದ ಹೊತ್ತಿಗೆ ಕೈ ಎತ್ತಿದಳು. ವ್ಯಾನಿಟಿ ಬ್ಯಾಗಿನಿಂದ ಇನ್ನೂರು ಪುಟದ ಮೂರು ನೋಟ್‌ಬುಕ್ಕು ತೆಗೆದು, ‘ಸಾರ್, ನಂದು ಬರೆದಾಗಿದೆ. ಈಗ ಏನ್ಮಾಡ್ಲಿ?’ ಎಂದಳು.

ಸಭೆ ಗಪ್ಪಾಯಿತು. ಶ್ರಾದ್ಧದ ಮನೆಯಲ್ಲಿ ಯಾರೋ ಶೀಟಿ ಹೊಡೆದ ಹಾಗೆ. ಗುರುಗಳು ನೋಟ್‌ಬುಕ್ಕನ್ನು ತೆರೆಯದೆಯೇ ತೂಗಿ ನೋಡಿದರು. ‘ಪ್ಲಾಟ್ ಹಾಕ್ಕೊಂಡು ಬರ್ದಿದೀಯೇನಮ್ಮ?’ ‘ಇಲ್ಲ ಸಾರ್.’ ‘ಜಾತಕ?’ ‘ಅವರೆಲ್ಲ ನಮ್ಮೂರಿನವರೇ ಸಾರ್, ಗೊತ್ತಿತ್ತು.’ ಗುರುಗಳು ನಿಟ್ಟುಸಿರಿಟ್ಟರು. ಬರೆದು ಮುಗಿಸಿದವರಿಗೆ ನಮ್ಮಲ್ಲಿ ಸೆಷನ್ ಇಲ್ಲಮ್ಮ, ಮೊದಲಿಂದ ಸರಿಯಾಗಿ ಶುರು ಮಾಡು, ಮುಂದಿನ ಬ್ಯಾಚಿಗೆ ರಿಯಾಯಿತಿ ಕೊಡಿಸ್ತೀನಿ ಎಂದರು. ಅವಳಿಗೂ ಪ್ರಮಾಣಪತ್ರ ಕೊಟ್ಟರು, ಆ ಉದಾರತೆಯನ್ನು ಹೇಳಲೇಬೇಕು.

1899ರಲ್ಲಿ ಗುಲ್ವಾಡಿ ವೆಂಕಟರಾಯರು ಮಂಗಳೂರಿನಲ್ಲಿ ‘ಇಂದಿರಾಬಾಯಿ’ ಬರೆದು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯ ಹೆಸರು ಪಡೆದರಲ್ಲ, ಅವರನ್ನು ಈ ಕಮ್ಮಟಕ್ಕೆ ಸೇರಿಸಿಕೊಳ್ಳುತ್ತಿದ್ದರೋ ಇಲ್ಲವೋ ಎಂದು ಬಸ್ಸಿನಲ್ಲಿ ಬರುತ್ತ ಯೋಚಿಸಿದೆ. ಅನಕೃ ಬರೆದ ನೂರಕ್ಕೂ ಹೆಚ್ಚು ಕಾದಂಬರಿಗಳಿಗೆ ಎಕ್ಸೆಲ್ ಶೀಟು ಮಾಡಲು ಕೂತಿದ್ದರೆ ಇನ್ನೂ ಮೂರನೆಯ ನಾಯಕನ ಚಪ್ಪಲಿಯ ಅಳತೆಯಲ್ಲೇ ಇರುತ್ತಿದ್ದರು. ತ್ರಿವೇಣಿಯವರ ಮೊದಲ ಕಾದಂಬರಿ ಬಂದದ್ದು 1953ರಲ್ಲಿ, ಅವರು ತೀರಿಕೊಂಡದ್ದು 1963ರಲ್ಲಿ. ನಡುವಿನ ಹತ್ತು ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ. ನಮ್ಮ ಗುರುಗಳ ಹನ್ನೆರಡು ವರ್ಷದ ಪಕ್ಕದಲ್ಲಿ ಈ ಲೆಕ್ಕ ಇಟ್ಟು ನೋಡುವುದು ಸಭ್ಯತೆಯಲ್ಲ, ಇಡುವುದಿಲ್ಲ.

ಮುನ್ನುಡಿಯ ಕಥೆಗೆ ಬರುತ್ತೇನೆ, ಇದು ಕಾದಂಬರಿಗಿಂತ ದೊಡ್ಡದು. ಅಕ್ಷರಶಃ.

ಹಿರಿಯರೊಬ್ಬರ ಮನೆಗೆ ಹಣ್ಣು ಹಿಡಿದು ಹೋದೆ. ‘ಹಸ್ತಪ್ರತಿ ಎಲ್ಲಾ ಬೇಡಪ್ಪ, ಕಣ್ಣು ಸರಿಯಿಲ್ಲ. ಒಂದು ಪುಟ ಸಾರಾಂಶ ವಾಟ್ಸ್ಯಾಪ್ ಮಾಡು’ ಎಂದರು. ನಾನು ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಯೂನಿಕೋಡ್‌ಗೆ ಬದಲಾಯಿಸದೆ ಹಾಗೇ ಕಳಿಸಿಬಿಟ್ಟೆ. ಅವರ ಫೋನಿನಲ್ಲಿ ಅದು ಹೇಗೆ ಕಂಡಿರಬೇಕೆಂದು ಈ ಕಷ್ಟ ಪಟ್ಟವರಿಗೆ ಗೊತ್ತು: ತಲೆಯ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಡಿಗ್ರಿ ಚಿಹ್ನೆ, ಕಾಲು ಭಾಗ, ಅರ್ಧ ಭಾಗ. ಗಾಬರಿಯಾಗಿ ಮಾರನೇ ದಿನ ಫೋನ್ ಮಾಡುವಷ್ಟರಲ್ಲಿ ಮುನ್ನುಡಿ ಬಂದಿತ್ತು. 26 ಪುಟ. ಮೊದಲ 22ರಲ್ಲಿ ಅವರು ತಮ್ಮ ಮೊದಲ ಕಾದಂಬರಿ ಬರೆದದ್ದು, ಅದಕ್ಕೆ ಪ್ರಶಸ್ತಿ ತಪ್ಪಿದ್ದು, ತಪ್ಪಿಸಿದವರು ಯಾರು ಎಂಬುದು. ಉಳಿದ ನಾಲ್ಕರಲ್ಲಿ ನಾನು. ‘ಭಾಷೆಯ ಹಳೆಯ ಕಟ್ಟುಗಳನ್ನೆಲ್ಲ ಒಡೆದು, ಲಿಪಿಯನ್ನೇ ಪ್ರಶ್ನಿಸುವ ದಿಟ್ಟತನ’ ಎಂದು ಬರೆದಿದ್ದರು. 61ನೇ ವಯಸ್ಸಿನಲ್ಲಿ ನಾನು ‘ಭರವಸೆಯ ಯುವ ಲೇಖಕ’ನಾದೆ. ಭರವಸೆ ಎಂಬ ಮಾತು ನಿಜ. ಸದ್ಯಕ್ಕೆ ನನ್ನಲ್ಲಿ ಅದು ಬಿಟ್ಟು ಬೇರೇನೂ ಇಲ್ಲ.

ಒಬ್ಬರಿಂದಲೇ ಮುನ್ನುಡಿ ಬರೆಸಿದರೆ ಇನ್ನೊಂದು ಬಣದವರು ವಿಮರ್ಶೆಯಲ್ಲಿ ಹಿಡಿಯುತ್ತಾರೆ. ಆ ಕಡೆಯವರೊಬ್ಬರ ಮನೆಗೂ ಹಣ್ಣು ಹೋಯಿತು. ಮೊದಲನೆಯದು ಎಷ್ಟು ಪುಟ ಎಂದು ಕೇಳಿ ತಿಳಿದುಕೊಂಡು ಅವರು 28 ಬರೆದರು. ಇಬ್ಬರ ನಡುವೆ ಸೇತುವೆಯಾಗಲೆಂದು ಮೂರನೆಯವರಿಂದ ಹಿನ್ನುಡಿ, 24. ಕಮ್ಮಟದ ಗುರುಗಳು ಕೇಳದೆಯೇ ‘ಈ ಕಾದಂಬರಿ ಹುಟ್ಟಿದ ಬಗೆ’ ಎಂದು 12 ಕಳಿಸಿದರು. ಹುಟ್ಟದ ಮಗುವಿನ ಬಗ್ಗೆ ಸೂಲಗಿತ್ತಿಯ ನೆನಪುಗಳು. ನನ್ನ ಅರಿಕೆ 10 ಪುಟ. ಅದನ್ನು ನಾನು ನಿಜಕ್ಕೂ ಮನಸ್ಸಿಟ್ಟು ಬರೆದೆ. ಕೃತಜ್ಞತೆ 6, ಓದುಗರ ಅನಿಸಿಕೆ 8, ಪ್ರಕಾಶಕರ ಇತರ ಪ್ರಕಟಣೆಗಳು 8, ಪ್ರಕಾಶಕರ ಮಾತು 2, ಹೆಸರು, ಹಕ್ಕು, ಅರ್ಪಣೆ ಅದು ಇದು 4.

ಡಿಟಿಪಿಯ ಹುಡುಗಿ ಎಲ್ಲ ಕೂಡಿಸಿ ಫೋನ್ ಮಾಡಿದಳು. ‘ಸಾರ್, 128 ಆಯ್ತು. ಬೆನ್ನು 192ಕ್ಕೆ ಫಿಕ್ಸು. ಕಾದಂಬರಿಗೆ ನಾಲ್ಕು ಫಾರಂ ಉಳಿದಿದೆ.’

ನಾಯಕಿ ಹುಟ್ಟಿ, ಬೆಳೆದು, ನೊಂದು, ಅಡಿಕೆ ತೋಟ ಬಿಟ್ಟು, ಹಿಮಾಲಯ ತಲುಪುವುದಕ್ಕೆ 64 ಪುಟ. ರೈಲಿನಲ್ಲಿ ಹೋದರೂ ಸಾಲದು. ಪ್ರಕಾಶಕರ ಹತ್ತಿರ ಹೇಳಿಕೊಂಡೆ. ‘ಒಳ್ಳೇದೇ ಆಯ್ತು ಬಿಡಿ’ ಎಂದರು. ‘ಈಗ ಚಿಕ್ಕದಕ್ಕೇ ಕಾಲ. 2025ರಲ್ಲಿ ಬೂಕರ್ ಬಂದಿದ್ದು ಏನಕ್ಕೆ? ಕಥೆಗಳಿಗೆ!’ ಹೌದು, ಅಂತಾರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಹನ್ನೆರಡು ಕಥೆಗಳ ಸಂಕಲನ. ಆದರೆ ಆ ಹನ್ನೆರಡನ್ನು ಅವರು 1990ರಿಂದ 2023ರವರೆಗೆ ಬರೆದದ್ದು ಎಂದು ನೆನಪಿಸಿದೆ. ಪ್ರಕಾಶಕರು ಅದನ್ನು ಕೇಳಿಸಿಕೊಳ್ಳಲಿಲ್ಲ. ಬಹುಮಾನದ ಐವತ್ತು ಸಾವಿರ ಪೌಂಡು ಲೇಖಕರಿಗೂ ಅನುವಾದಕರಿಗೂ ಸಮಪಾಲು ಎಂಬ ಅಂಶದಲ್ಲೇ ಅವರ ಜೀವ ನಿಂತಿತ್ತು. ‘ಅನುವಾದಕರನ್ನ ಮೊದ್ಲು ಹಿಡೀಬೇಕು ಸಾರ್. ಆಮೇಲೆ ಸಿಕ್ಕಲ್ಲ’ ಎಂದರು. ಹಾಗಾಗಿ ನಿನ್ನೆಯಿಂದ ಅನುವಾದಕರನ್ನು ಹುಡುಕುತ್ತಿದ್ದೇನೆ. ಸಿಕ್ಕ ಒಬ್ಬರು ಮೂಲ ಕಳಿಸಿ ಎಂದು ಒರಟಾಗಿ ಕೇಳಿದ್ದರಿಂದ ಮಾತು ಮುರಿಯಿತು.

ಇವತ್ತು ಬೆಳಿಗ್ಗೆ ಮಾತ್ರ ಹಟ ಹಿಡಿದು ತಾರಸಿಗೆ ಹತ್ತಿದೆ. ಸಂಡಿಗೆಯ ಪಕ್ಕ ಚಾಪೆ, ಕೈಯಲ್ಲಿ ಕಮ್ಮಟದ ಪೆನ್ನು. ಹಾಳೆಯ ಮೇಲೆ ‘1’ ಎಂದು ಬರೆದು ಸುತ್ತ ಸೊನ್ನೆ ಸುತ್ತಿದೆ. ಅಷ್ಟರಲ್ಲಿ ಫೋನು. ಗುರುತಿಲ್ಲದ ದನಿ, ಎಳೆಯದು.

‘ನಮಸ್ಕಾರ ಸಾರ್. ಭಾನುವಾರ ನಿಮ್ಮ ಕಾರ್ಯಕ್ರಮಕ್ಕೆ ಬಂದಿದ್ದೆ. ನಾನೂ ಮೊದಲ ಕಾದಂಬರಿ ಮಾಡ್ತಿದೀನಿ. ತಾವು ಹಿರಿಯರು, ಒಂದು ಮುನ್ನುಡಿ ಬರ್ಕೊಡಬೇಕು.’

ಎದೆ ಉಬ್ಬಿತು. ಹಾಳೆಯನ್ನು ತಿರುವಿ ಹಾಕಿದೆ. ‘ಅದಕ್ಕೇನಂತೆ, ಆಗ್ಲಿ. ಹಸ್ತಪ್ರತಿ ಕಳಿಸ್ತೀಯಾ?’

‘ಇನ್ನೂ ಶುರು ಮಾಡ್ಬೇಕು ಸಾರ್. ಮುಖಪುಟ ಕಳಿಸ್ಲಾ?’

‘ಕಳಿಸಪ್ಪ’ ಎಂದೆ. ‘ಎಷ್ಟು ಫಾರಂ?’