ಪಾಕ ಬಂತು, ಲೈಟ್ ಆರಿಸಿ!

2025ರ ಮೇ 8ರ ರಾತ್ರಿ, ಗಡಿಯಲ್ಲಿ ಪಾಕಿಸ್ತಾನದ ಜೊತೆ ಕದನ ನಡೆಯುತ್ತಿದ್ದಾಗ, ನಮ್ಮ ಮನೆಯಲ್ಲಿ ಎರಡು ಕಡೆ ಕುದಿಯುತ್ತಿತ್ತು. ಹಾಲ್‌ನಲ್ಲಿ ಟಿವಿ, ಅಡುಗೆಮನೆಯಲ್ಲಿ ಸಕ್ಕರೆ.

ಪಕ್ಕದ ಮನೆ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಅವಳಿಗೆ ಕೊಡೋಣ ಅಂತ ಅಮ್ಮ ಮೈಸೂರು ಪಾಕ್ ಮಾಡಲು ನಿಂತಿದ್ದಳು. ಹಾಲ್‌ನಲ್ಲಿ ನನ್ನ ಸೋದರಮಾವ ರಿಮೋಟ್ ಹಿಡಿದು ಯುದ್ಧ ನಡೆಸುತ್ತಿದ್ದರು. ಮಾವ ರಿಟೈರ್ ಆಗಿ ಎಂಟು ವರ್ಷ ಆಯಿತು. ಕೆಲಸ ಮಾತ್ರ ಜಾಸ್ತಿಯಾಗಿದೆ. ಬೆಳಗಿನ ಕಾಫಿ ಹೊತ್ತಿಗೆ ಅವರು ಹಣಕಾಸು ಮಂತ್ರಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗ ವಿದೇಶಾಂಗ. ರಾತ್ರಿ ಒಂಬತ್ತಾದರೆ ಮೂರೂ ಪಡೆಗಳ ದಂಡನಾಯಕ. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಮಾತ್ರ ಖಾತೆ ಇಲ್ಲದ ಮಂತ್ರಿ, ಆಗ ಮಲಗಿರುತ್ತಾರೆ.

ಆ ರಾತ್ರಿ ಟಿವಿ ನೋಡಿದವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಚಾನೆಲ್‌ನಲ್ಲಿ ಕರಾಚಿ ಬಂದರು ಹೊತ್ತಿ ಉರಿಯುತ್ತಿತ್ತು. ಇನ್ನೊಂದರಲ್ಲಿ ಆಗಲೇ ಬೂದಿಯಾಗಿತ್ತು. ನಿಮಿಷಕ್ಕೊಂದು ಸಲ ಸೈರನ್. "ಕರಾಚಿ ಹೋಯ್ತು ಕಣೋ" ಎಂದು ಮಾವ ನನಗೆ ವರದಿ ಒಪ್ಪಿಸಿದರು. ಬೆಳಗ್ಗೆ ಎದ್ದು ನೋಡಿದರೆ ಕರಾಚಿ ಬಂದರು ಇದ್ದ ಜಾಗದಲ್ಲೇ ಇತ್ತು. ಸ್ಟುಡಿಯೋಗಳ ಸೈರನ್ ಹಾವಳಿ ಎಷ್ಟಾಯಿತೆಂದರೆ ಮೇ 10ರಂದು ಕೇಂದ್ರ ಸರ್ಕಾರವೇ, ಆ ಸದ್ದು ಹಾಕಬೇಡ್ರಪ್ಪಾ, ಜನಕ್ಕೆ ಅಭ್ಯಾಸವಾಗಿಬಿಟ್ಟರೆ ನಿಜವಾದ ಸೈರನ್ ಕೂಗಿದಾಗ ಯಾರೂ ಏಳಲ್ಲ ಎಂಬ ಅರ್ಥದ ಸೂಚನೆ ಕೊಡಬೇಕಾಯಿತು.

ಸರಿ, ಅಂಥ ಹೊತ್ತಿನಲ್ಲಿ ಅಡುಗೆಮನೆಯಿಂದ ಅಮ್ಮ ಜೋರಾಗಿ ಕೂಗಿದಳು: "ಪಾಕ ಬಂತು! ಬೇಗ ಬನ್ರೋ!"

ಮಾವ ಕುರ್ಚಿಯಿಂದ ಹಾರಿದರು. ಹಿಂದಿನ ದಿನವಷ್ಟೇ ಬೆಂಗಳೂರೂ ಸೇರಿ ದೇಶದ ಹಲವು ಊರುಗಳಲ್ಲಿ ಯುದ್ಧದ ಅಣಕು ಕವಾಯತು ನಡೆದಿತ್ತು. ಮಾವ ಅದರ ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ನೇರ ಹೋಗಿ ಮೇನ್ ಸ್ವಿಚ್ ಆರಿಸಿಬಿಟ್ಟರು. ಮನೆಯೆಲ್ಲ ಕತ್ತಲು. ಆ ಕತ್ತಲಲ್ಲಿ ಅಮ್ಮನ ಮುಂದೆ ಒಂದು ಬಾಣಲೆ ಕುದಿಯುವ ಸಕ್ಕರೆ, ಪಕ್ಕದ ಒಲೆಯಲ್ಲಿ ಕಾದ ತುಪ್ಪ, ಕೈಯಲ್ಲಿ ಕಡಲೆಹಿಟ್ಟು.

"ಯಾವನೋ ಅವನು ಲೈಟ್ ಆರಿಸಿದ್ದು?"

ಶತ್ರು ದೇಶದವರಿಗೆ ಆ ದನಿ ಕೇಳಿಸಿದ್ದರೆ ಕದನವಿರಾಮ ಎರಡು ದಿನ ಮುಂಚೆಯೇ ಆಗುತ್ತಿತ್ತು.

ಪಾಕ ಅಂದರೆ ಏನು ಅಂತ ಕನ್ನಡದವರಿಗೆ ಹೇಳುವ ಅಗತ್ಯ ಬರುತ್ತದೆ ಅಂದುಕೊಂಡಿರಲಿಲ್ಲ. ಸಕ್ಕರೆಗೆ ನೀರು ಹಾಕಿ ಕುದಿಸಿ, ಎರಡು ಬೆರಳ ನಡುವೆ ಹಿಡಿದು ಎಳೆದಾಗ ಒಂದು ದಾರ ಬಂದರೆ ಅದು ಒಂದೆಳೆ ಪಾಕ. ಅರಮನೆ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ನಾಲ್ವಡಿಯವರ ಕಾಲದಲ್ಲಿ ಆ ಪಾಕಕ್ಕೆ ಕಡಲೆಹಿಟ್ಟು, ತುಪ್ಪ ಸೇರಿಸಿ ಏನೋ ಮಾಡಿದರು. ಇದೇನು ಅಂತ ಕೇಳಿದಾಗ 'ಮೈಸೂರು ಪಾಕ' ಅಂದರು. ಇಷ್ಟೇ ಕಥೆ. ಈ ಕಥೆಯಲ್ಲಿ ಗಡಿ ಇಲ್ಲ, ಸೇನೆ ಇಲ್ಲ. ಸಕ್ಕರೆ ಕಾಯಿಲೆ ಬೇಕಾದರೆ ಇದೆ.

ಆದರೆ ಮೇ ತಿಂಗಳು ಮುಗಿಯುವ ಮೊದಲು ಜೈಪುರದ ಸಿಹಿ ಅಂಗಡಿಯೊಂದು ಸುದ್ದಿಯಾಯಿತು. ಅಲ್ಲಿ ಪಾಕ್ ಅಂತ ಕೊನೆಯಾಗುವ ತಿಂಡಿಗಳ ಹೆಸರನ್ನೆಲ್ಲ ಬದಲಾಯಿಸಿದ್ದರು. ಮೋತಿ ಪಾಕ್ ಹೋಗಿ ಮೋತಿ ಶ್ರೀ. ಗೋಂದ್ ಪಾಕ್ ಹೋಗಿ ಗೋಂದ್ ಶ್ರೀ. ನಮ್ಮದು 'ಮೈಸೂರು ಶ್ರೀ'.

ಮಾವ ಪೇಪರ್ ಹಿಡಿದುಕೊಂಡೇ ಓಡಿ ಬಂದರು. "ನೋಡೋ, ದೇಶಭಕ್ತಿ ಅಂದ್ರೆ ಇದು. ಮೈಸೂರಿನವರಿಗೆ ಹೊಳೀಲಿಲ್ಲ, ರಾಜಸ್ಥಾನದವರಿಗೆ ಹೊಳೀತು."

ನನಗೆ ಹೊಳೆದದ್ದು ಬೇರೆ. 'ಮೈಸೂರು ಶ್ರೀ' ಅಂದ ತಕ್ಷಣ ನನ್ನ ಕಣ್ಣ ಮುಂದೆ ಬಂದದ್ದು ಮೈಗೆಲ್ಲ ಎಣ್ಣೆ ಬಳಿದುಕೊಂಡು, ಚಡ್ಡಿಯಲ್ಲಿ ನಿಂತು, ತೋಳು ಉಬ್ಬಿಸುವ ದೇಹದಾರ್ಢ್ಯ ಪಟು. ಮೈಯೆಲ್ಲ ಜಿಡ್ಡು ಅನ್ನುವ ಮಟ್ಟಿಗೆ ಹೋಲಿಕೆ ಸರಿಯಾಗಿಯೇ ಇದೆ ಅನ್ನಿ.

"ಮಾವ, ಆ ದೇಶದ ಹೆಸರು ಕಾಗದದ ಮೇಲೆ ಬಂದದ್ದೇ 1933ರಲ್ಲಿ. ಚೌಧರಿ ರಹಮತ್ ಅಲಿ ಅನ್ನೋರು ಕೇಂಬ್ರಿಜ್‌ನಲ್ಲಿ ಕೂತು ಒಂದು ಕರಪತ್ರದಲ್ಲಿ ಬರೆದರು. ನಮ್ಮ ಪಾಕ ಸಂಸ್ಕೃತದ್ದು, ಸಾವಿರಾರು ವರ್ಷ ಹಳೇದು. ಸೀನಿಯಾರಿಟಿ ಪ್ರಕಾರ ಹೆಸರು ಬದಲಾಯಿಸಬೇಕಾದ್ದು ಅವರು, ಅಲ್ವಾ?"

ಸೀನಿಯಾರಿಟಿ ಅಂದರೆ ಮಾವ ಸುಮ್ಮನಾಗುತ್ತಾರೆ, ಸರ್ವಿಸ್‌ನಲ್ಲಿದ್ದಾಗ ಅದಕ್ಕಾಗಿ ಕೋರ್ಟಿಗೆ ಹೋಗಿದ್ದವರು. ಆದರೆ ಅವತ್ತು ಸುಮ್ಮನಾಗಲಿಲ್ಲ. ಮನೆಯಲ್ಲಿದ್ದ ನಿಘಂಟು ತೆಗೆಸಿದರು. ಪಾಕಶಾಲೆ, ನಳಪಾಕ, ಭೀಮಪಾಕ, ದ್ರಾಕ್ಷಾಪಾಕ, ಕರ್ಮವಿಪಾಕ. ಮಾವನ ಮುಖ ನೋಡಬೇಕಿತ್ತು. ಒಳನುಸುಳಿದವರು ಇಷ್ಟೊಂದು ಜನ ಇದ್ದಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ನಳಶ್ರೀ, ಭೀಮಶ್ರೀ ಅಂತ ಪೆನ್ಸಿಲ್‌ನಲ್ಲಿ ತಿದ್ದತೊಡಗಿದರು. 'ಪಾಕಶಾಸನ' ಸಿಕ್ಕಿದಾಗ ಮಾತ್ರ ಮುಖ ಅರಳಿತು. ಪಾಕ ಅನ್ನುವ ರಾಕ್ಷಸನನ್ನು ಕೊಂದದ್ದಕ್ಕೆ ಇಂದ್ರನಿಗೆ ಬಂದ ಹೆಸರು ಅದು. "ನೋಡಿದ್ಯಾ? ಇಂದ್ರನ ಕಾಲದಿಂದಲೂ ಇದೇ ತಾಪತ್ರಯ!" ಅದೊಂದನ್ನು ತಿದ್ದದೆ ಬಿಟ್ಟರು.

ನನ್ನ ಕೇಳಿದರೆ ತಪ್ಪು ನಮ್ಮ ಪತ್ರಿಕೆಗಳದ್ದು. ಹೆಡ್‌ಲೈನಿನಲ್ಲಿ ಜಾಗ ಉಳಿಸೋಕೆ ಅಂತ ನಾಲ್ಕಕ್ಷರದ ದೇಶವನ್ನು ಒಂದೂವರೆ ಅಕ್ಷರಕ್ಕೆ ಇಳಿಸಿದ್ದು ಅವರು. ಶಿಕ್ಷೆ ಕಡಲೆಹಿಟ್ಟಿಗೆ.

ಈ ಕಾಯಿಲೆ ಹೊಸದೇನಲ್ಲ. ಪಾಕಿಸ್ತಾನ ಹುಟ್ಟಿದಾಗ ಮನೆಮಠ ಬಿಟ್ಟು ಓಡಿ ಬಂದ ಸಿಂಧಿ ಕುಟುಂಬವೊಂದು 1953ರಲ್ಲಿ ಹೈದರಾಬಾದಿನಲ್ಲಿ ಬೇಕರಿ ತೆರೆದು, ಕಳಕೊಂಡ ಊರಿನ ನೆನಪಿಗೆ ಕರಾಚಿ ಬೇಕರಿ ಅಂತ ಹೆಸರಿಟ್ಟಿತು. ಪುಲ್ವಾಮಾ ದಾಳಿಯಾದಾಗ ಬೆಂಗಳೂರಿನ ಇಂದಿರಾನಗರದ ಅವರ ಅಂಗಡಿ ಮುಂದೆ ಜನ ಸೇರಿ ಗಲಾಟೆ ಮಾಡಿದರು. ಅಂಗಡಿಯವರು ಬೋರ್ಡಿನಲ್ಲಿದ್ದ ಕರಾಚಿ ಅನ್ನುವ ಪದಕ್ಕೆ ಬಟ್ಟೆ ಹೊದಿಸಿದರು. 2025ರಲ್ಲಿ ಹೈದರಾಬಾದಿನಲ್ಲೇ ಇನ್ನೊಂದು ಸಲ ದಾಂಧಲೆ. ಪಾಕಿಸ್ತಾನದಿಂದ ಓಡಿಸಿಕೊಂಡು ಬಂದವರನ್ನು ಇಲ್ಲೂ ಅಟ್ಟಿದರೆ ಪಾಕಿಸ್ತಾನಕ್ಕೆ ನಷ್ಟವಾಗುವುದು ಹೇಗೆ ಅಂತ ನಾನು ಮಾವನನ್ನು ಕೇಳಿದೆ. "ನಿನಗೆ ಸ್ಟ್ರಾಟೆಜಿ ಅರ್ಥ ಆಗಲ್ಲ" ಅಂದರು.

2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರ ಜೊತೆ ಘರ್ಷಣೆ ಆದಾಗಲೂ ಹೀಗೇ. ಕೇಂದ್ರ ಮಂತ್ರಿ ರಾಮದಾಸ್ ಅಠಾವಳೆ ಅವರು ಚೈನೀಸ್ ತಿಂಡಿ ಮಾರುವ ಹೋಟೆಲ್ ಮುಚ್ಚಿಸಿ ಅಂದರು. ಮಾವ ಅಂದಿನಿಂದ ಗೋಬಿ ಮಂಚೂರಿ ಬಿಟ್ಟರು. ನಮ್ಮ ತಳ್ಳುಗಾಡಿಯ ಗೋಬಿಯನ್ನು ಚೀನಾದವನ ಮುಂದಿಟ್ಟರೆ ಅವನಿಗೆ ಗುರುತೇ ಸಿಗಲ್ಲ, ಅದು ಬೇರೆ ಮಾತು. ಗೋಬಿ ಬಿಟ್ಟ ಸುದ್ದಿಯನ್ನು ಮಾವ ಮುನ್ನೂರು ಜನಕ್ಕೆ ಕಳಿಸಿದ್ದು ಚೀನಾದ ಫೋನಿನಿಂದ. ಐದು ವರ್ಷವಾದ ಮೇಲೆ ಲೆಕ್ಕ ಹೀಗಿದೆ: 2024-25ರಲ್ಲಿ ಚೀನಾ ಜೊತೆಗಿನ ವ್ಯಾಪಾರದಲ್ಲಿ ನಮ್ಮ ಕೊರತೆ ಹತ್ತಿರ ಹತ್ತಿರ 10,000 ಕೋಟಿ ಡಾಲರ್. ಅದರಲ್ಲಿ ಗೋಬಿಯ ಪಾಲು ಸೊನ್ನೆ.

"ಮಾವ, ಹೆಸರು ಬಿಡಿ. ಸಾಮಾನು ನೋಡೋಣ ಬನ್ನಿ" ಅಂತ ಒಂದಿನ ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ.

ಮೊದಲು ಕಡಲೆಹಿಟ್ಟಿನ ಡಬ್ಬ. ಪ್ರಪಂಚದಲ್ಲಿ ಅತಿ ಹೆಚ್ಚು ಕಡಲೆ ಬೆಳೆಯುವುದು ನಾವೇ. ಆದರೂ 2024ರ ಮೇ ತಿಂಗಳಲ್ಲಿ ಸರ್ಕಾರ ಕಡಲೆಯ ಆಮದು ಸುಂಕ ತೆಗೆದುಹಾಕಿತು, ಆಸ್ಟ್ರೇಲಿಯಾದಿಂದ ಹಡಗುಗಟ್ಟಲೆ ಬಂತು. ಗದಗ, ವಿಜಯಪುರದ ರೈತ ಬೆಂಬಲ ಬೆಲೆ ಕೇಂದ್ರ ಯಾವಾಗ ತೆರೆಯುತ್ತೆ ಅಂತ ಕಾಯುತ್ತಾನೆ. ಇನ್ನು ಕಡಲೆಹಿಟ್ಟಿಗೆ ಬಟಾಣಿ ಹಿಟ್ಟು ಬೆರೆಸುವ ಕಲೆ ನಮಗೆ ಹೊಸದಲ್ಲ. ಹಳದಿ ಬಟಾಣಿ ಬರುವುದು ಹೆಚ್ಚಾಗಿ ಕೆನಡಾ, ರಷ್ಯಾದಿಂದ. 2023ರ ಸೆಪ್ಟೆಂಬರಿನಲ್ಲಿ ನಾವು ಕೆನಡಾ ಜೊತೆ ಜಗಳವಾಡಿ ಅಲ್ಲಿಯವರಿಗೆ ವೀಸಾ ನಿಲ್ಲಿಸಿದೆವು. ಡಿಸೆಂಬರಿನಲ್ಲಿ ಹಳದಿ ಬಟಾಣಿಯ ಸುಂಕ ತೆಗೆದೆವು. ಮನುಷ್ಯರಿಗಿಂತ ಬಟಾಣಿ ವಾಸಿ.

ಮಾವ ಕನ್ನಡಕ ಏರಿಸಿಕೊಂಡರು. ಎಣ್ಣೆ ಪ್ಯಾಕೆಟ್ ತೆಗೆದು ತೋರಿಸಿದೆ. ದೇಶದಲ್ಲಿ ಖರ್ಚಾಗುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು ಅಂದೆ. "ಎಣ್ಣೆ ಬಿಡು, ನಮ್ಮದು ತುಪ್ಪದ ಮನೆ" ಅಂದರು.

ಮೂಲೆಯಲ್ಲಿ ಒಂದು ಚಿಕ್ಕ ಭರಣಿ ಇತ್ತು. ಅದರೊಳಗೆ ಗುಲಾಬಿ ಬಣ್ಣದ ಉಪ್ಪು.

"ಇದೇನು ಮಾವ?"

"ಸೈಂಧವ ಲವಣ. ಏಕಾದಶಿ ಉಪವಾಸಕ್ಕೆ. ಮಾಮೂಲಿ ಉಪ್ಪು ಮುಟ್ಟಬಾರದು."

"ಸೈಂಧವ ಅಂದ್ರೆ?"

"ಸಿಂಧೂ ದೇಶದ್ದು ಅಂತ..." ಮಾವನ ಮಾತು ಅಲ್ಲಿಗೇ ನಿಂತಿತು.

ಆ ಉಪ್ಪಿನ ದೊಡ್ಡ ಗಣಿ ಇರುವುದು ಖೇವ್ರಾದಲ್ಲಿ. ಖೇವ್ರಾ ಇರುವುದು ಪಾಕಿಸ್ತಾನದ ಪಂಜಾಬಿನಲ್ಲಿ. ನಮ್ಮ ಉಪವಾಸದ ಉಪ್ಪು ಎಷ್ಟೋ ವರ್ಷ ಬಂದದ್ದು ಅಲ್ಲಿಂದಲೇ. 2019ರಲ್ಲಿ ಅಲ್ಲಿಯ ಸರಕಿಗೆ 200 ಪರ್ಸೆಂಟ್ ಸುಂಕ ಬಿತ್ತು. 2025ರ ಮೇ 2ರಂದು ನೇರವಾಗಲಿ, ಸುತ್ತು ಬಳಸಿಯಾಗಲಿ ಏನೂ ಬರಕೂಡದು ಅಂತ ಆದೇಶವಾಯಿತು. ಏಪ್ರಿಲ್‌ನಲ್ಲೇ ಸಿಂಧೂ ನದಿ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟಿದ್ದೆವು. ಸಿಂಧೂ ಉಪ್ಪು ಮಾತ್ರ ನಮ್ಮ ಭರಣಿಯಲ್ಲಿ ಆರಾಮಾಗಿ ಕೂತಿತ್ತು.

ಭರಣಿ ಹಿಡಿದು ಮಾವ ತುಂಬಾ ಹೊತ್ತು ನಿಂತರು. ದೇಶವೋ ದೇವರೋ ಅನ್ನುವ ಪ್ರಶ್ನೆ ಅವರಿಗೆ ಇಷ್ಟು ಹತ್ತಿರದಿಂದ ಎಂದೂ ಬಂದಿರಲಿಲ್ಲ. ಕೊನೆಗೆ, "ಇದು ಹಳೇ ಸ್ಟಾಕು" ಅಂತ ಹೇಳಿ ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟರು.

ಮಾವನೊಬ್ಬರನ್ನೇ ಆಡಿಕೊಳ್ಳುವುದೂ ನ್ಯಾಯವಲ್ಲ. ಹೆಸರಿನ ಹುಚ್ಚು ಸರ್ಕಾರಕ್ಕೂ ಇದೆ. ಪರೋಟ ರೊಟ್ಟಿಯಲ್ಲ, ಆದ್ದರಿಂದ ತೆರಿಗೆ 5 ಪರ್ಸೆಂಟ್ ಅಲ್ಲ 18 ಅಂತ 2020ರಲ್ಲಿ ತೀರ್ಪು ಕೊಟ್ಟದ್ದು ನಮ್ಮ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರ್‌ನಲ್ಲಿ ಸೇರಿ, ಉಪ್ಪು ಹಾಕಿದ ಬಿಡಿ ಪಾಪ್‌ಕಾರ್ನ್‌ಗೆ 5, ಪ್ಯಾಕೆಟ್‌ನಲ್ಲಿದ್ದರೆ 12, ಸಕ್ಕರೆ ಪಾಕ ಹಿಡಿಸಿದ್ದರೆ 18 ಅಂತ ವಿವರಿಸಿತು. ಜೈಪುರ, ಜೈಸಲ್ಮೇರ್ ಎರಡೂ ರಾಜಸ್ಥಾನವೇ. ಆ ಕಡೆಯವರಿಗೂ ಪಾಕಕ್ಕೂ ಏನೋ ಆಗಿಬರಲ್ಲ.

ದೀಪಾವಳಿ ಬಂತು. ಅಮ್ಮ ಮತ್ತೆ ಬಾಣಲೆ ಇಟ್ಟಳು. ಈ ಸಲ ಟಿವಿ ಆರಿಸಿ, ತಮ್ಮನನ್ನು ಒಲೆ ಮುಂದೆ ನಿಲ್ಲಿಸಿದಳು. "ನಾನು ಹೊಸಲಿಗೆ ದೀಪ ಇಟ್ಟು ಬರ್ತೀನಿ. ಒಂದೆಳೆ ಬಂದ ತಕ್ಷಣ ಕೂಗು. ಒಂದು ನಿಮಿಷ ಜಾಸ್ತಿ ಆದ್ರೂ ಕೆಟ್ಟು ಹೋಗುತ್ತೆ."

ಮಾವ ಸೌಟು ಹಿಡಿದು ಕಾವಲು ನಿಂತರು. ಬೆರಳಿಗೆ ತಾಗಿಸಿ, ಎಳೆದು ನೋಡಿದರು. ದಾರ ಬಂತು. ಆದರೆ ಆ ಪದ ಆಡುವ ಹಾಗಿಲ್ಲವಲ್ಲ.

"ಅಕ್ಕಾ, ಶ್ರೀ ಬಂತು!"

ಹೊರಗೆ ಪಟಾಕಿ ಸದ್ದು. ಅಮ್ಮನಿಗೆ 'ಶ್ರೀ' ಅಷ್ಟೇ ಕೇಳಿಸಿತು. ನಮ್ಮ ಬೀದಿಯಲ್ಲಿ ಶ್ರೀಗಳಿಗೆ ಬರವಿಲ್ಲ. ಶ್ರೀಧರ, ಶ್ರೀಕಂಠ, ಶ್ರೀಲಕ್ಷ್ಮಿ, ಶ್ರೀಮತಿ ಅಂತ ಮನೆಗೊಬ್ಬರು. ಅಮ್ಮ ಗೇಟಿನವರೆಗೂ ಹೋಗಿ ಎರಡೂ ಕಡೆ ನೋಡಿದಳು. "ಯಾವ ಶ್ರೀನೋ? ಯಾರೂ ಇಲ್ವಲ್ಲೋ!" ಅಂತ ಅಲ್ಲಿಂದಲೇ ಕೂಗಿದಳು. "ಶ್ರೀ ಅಕ್ಕಾ, ಶ್ರೀ! ಮೈಸೂರು ಶ್ರೀ!" ಎಂದು ಮಾವ ಒಳಗಿಂದ ಅರಚಿದರು. ಅಮ್ಮ ಚಪ್ಪಲಿ ಮೆಟ್ಟಿಕೊಂಡು ಮೂರನೇ ಮನೆ ಶ್ರೀಧರನನ್ನು ಕೇಳಲು ಹೋದಳು.

ಅವಳು ವಾಪಸ್ ಬರುವಷ್ಟರಲ್ಲಿ ಒಂದೆಳೆ ಹೋಗಿ ಎಷ್ಟೆಳೆಯಾಗಿತ್ತೋ ದೇವರಿಗೇ ಗೊತ್ತು. ಆದರೂ ಹಿಟ್ಟು ಹಾಕಿ, ತುಪ್ಪ ಸುರಿದು, ತಟ್ಟೆಗೆ ಬಗ್ಗಿಸಿದ್ದಾಯಿತು. ಚಾಕು ಇಳಿಯಲಿಲ್ಲ. ಕುಟ್ಟಾಣಿ ತಂದು ಒಡೆದೆವು. ಮೊದಲ ತುಂಡು ಮಾವನಿಗೆ. ಬಾಯಿಗೆ ಹಾಕಿಕೊಂಡು ಕಚ್ಚಿದರು. ಕಟಕ್ ಅಂತ ಸದ್ದಾಯಿತು. ತುಂಡಿನದೋ ಹಲ್ಲಿನದೋ ಗೊತ್ತಾಗಲಿಲ್ಲ.

"ಹೇಗಿದೆಯೋ ನಿನ್ನ ಶ್ರೀ?" ಅಂದಳು ಅಮ್ಮ.

ಮಾವ ನಾಲಿಗೆಯಿಂದ ದವಡೆ ತಡಕಿಕೊಳ್ಳುತ್ತಾ, "ಪಾಕ ಸ್ವಲ್ಪ ಜಾಸ್ತಿ ಆಯ್ತು ಅಕ್ಕ" ಅಂದರು.