ಸಂತಾಪಪೂರ್ವಕ ಆಹ್ವಾನ

ಅಮೆರಿಕದ ಟೆನೆಸ್ಸಿ ರಾಜ್ಯದ ಫ್ರೋಜನ್ ಹೆಡ್ ಕಾಡಿನಲ್ಲಿ ನಡೆಯುವ ಬಾರ್ಕ್ಲಿ ಮ್ಯಾರಥಾನ್‌ಗೆ ಪ್ರವೇಶ ಶುಲ್ಕ 1 ಡಾಲರ್ 60 ಸೆಂಟ್. ನಮ್ಮ ಲೆಕ್ಕದಲ್ಲಿ ಒಂದು ಮಸಾಲೆ ದೋಸೆ, ಅದರ ಮೇಲೊಂದು ಕಾಫಿ. ಇಷ್ಟು ಅಗ್ಗದ ನರಕ ಬೇರೆಲ್ಲೂ ಸಿಗದೆಂದೋ ಏನೋ, ಜನ ಮುಗಿಬೀಳುತ್ತಾರೆ. ಆದರೆ ದುಡ್ಡಿದ್ದರೆ ಸಾಲದು. ‘ನನ್ನನ್ನು ಏಕೆ ಓಡಲು ಬಿಡಬೇಕು’ ಎಂದು ಪ್ರಬಂಧ ಬರೆಯಬೇಕು. ಅರ್ಜಿಯನ್ನು ಯಾವಾಗ, ಹೇಗೆ ಹಾಕಬೇಕೆಂಬುದು ಗುಟ್ಟು. ಮೊದಲ ಸಲ ಬರುವವರು ತಮ್ಮ ಸೀಮೆಯ ವಾಹನದ ನಂಬರ್ ಪ್ಲೇಟೊಂದನ್ನು ಕಾಣಿಕೆ ತರಬೇಕು. ಹಳಬರು ಆ ವರ್ಷ ಓಟ ನಡೆಸುವ ಯಜಮಾನರಿಗೆ ಬೇಕೆನಿಸಿದ ಸಾಕ್ಸನ್ನೋ ಅಂಗಿಯನ್ನೋ ಒಪ್ಪಿಸಬೇಕು. ಇಷ್ಟೆಲ್ಲ ಮಾಡಿ ಆಯ್ಕೆಯಾದರೆ ಕೈಸೇರುವುದು ಅಭಿನಂದನೆಯಲ್ಲ, ಸಂತಾಪ ಪತ್ರ.

ಆಯ್ಕೆಯಾಗುವ ಸುಮಾರು ನಲವತ್ತು ಮಂದಿಯಲ್ಲಿ ಒಬ್ಬರಿಗೆ ಒಂದನೇ ನಂಬರು. ಅದನ್ನು ಕಂಡು ಹಿಗ್ಗುವಂತಿಲ್ಲ. ಒಂದು ಸುತ್ತನ್ನೂ ಮುಗಿಸಲಾರರು ಎಂದು ಯಾರನ್ನು ಕಂಡರೆ ಅನಿಸುತ್ತದೋ ಅವರಿಗೆ ಅದು ಮೀಸಲು. ಅಲ್ಲಿನವರು ಅವರನ್ನು ಕರೆಯುವುದೇ ನರಬಲಿ ಎಂದು. ನಮ್ಮಲ್ಲೂ ಹರಕೆಯ ಕುರಿಗಳಿವೆ. ಆದರೆ ಯಾವ ಕುರಿಯೂ ಪ್ರಬಂಧ ಬರೆದುಕೊಂಡು ಬಂದದ್ದನ್ನು ನಾನು ಕಂಡಿಲ್ಲ.

ಈ ಹುಚ್ಚಿನ ಬೇರು ಒಂದು ಜೈಲಿನಲ್ಲಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕೊಂದ ಜೇಮ್ಸ್ ಅರ್ಲ್ ರೇ 1977ರಲ್ಲಿ ಅಲ್ಲಿನ ಬ್ರಷಿ ಮೌಂಟನ್ ಜೈಲಿನಿಂದ ಗೋಡೆ ಹಾರಿ ತಪ್ಪಿಸಿಕೊಂಡ. ಎರಡು ದಿನಕ್ಕೂ ಹೆಚ್ಚು ಕಾಲ ಬೆಟ್ಟದಲ್ಲಿ ಏಗಿ ಸಿಕ್ಕಿಬಿದ್ದಾಗ ಅವನು ಸಾಗಿದ್ದದ್ದು ಎಂಟು ಮೈಲಿಯ ಆಸುಪಾಸು. ಸುದ್ದಿ ಕೇಳಿದ ಗ್ಯಾರಿ ಕ್ಯಾಂಟ್ರೆಲ್ ಎಂಬ ಓಟಗಾರರು, ಅಷ್ಟು ಹೊತ್ತಿನಲ್ಲಿ ನಾನಾಗಿದ್ದರೆ ನೂರು ಮೈಲಿ ದಾಟುತ್ತಿದ್ದೆ ಎಂದು ಗೇಲಿ ಮಾಡಿದರು. ನಮ್ಮ ಅರಳಿಕಟ್ಟೆಯ ಮೇಲೆ ದಿನಕ್ಕೆ ಹತ್ತು ಇಂಥ ಮಾತು ಹುಟ್ಟುತ್ತವೆ, ಕತ್ತಲಾಗುವುದರೊಳಗೆ ಸಾಯುತ್ತವೆ. ಅಲ್ಲಿ ಆ ಮಾತು ಸಾಯದೆ 1986ರಲ್ಲಿ ಓಟವಾಗಿಬಿಟ್ಟಿತು. ಕೊಲೆಗಾರನೊಬ್ಬ ಬಿಟ್ಟೋಡಿದ ಜಾಗಕ್ಕೆ ಈಗ ಓದಿಕೊಂಡವರು ಅರ್ಜಿ ಹಾಕಿಕೊಂಡು ನುಗ್ಗುತ್ತಿದ್ದಾರೆ. ಅವನ ಹಿಂದೆ ಪೊಲೀಸರ ನಾಯಿಗಳಾದರೂ ಇದ್ದವು. ಇವರ ಹಿಂದೆ ಯಾರಿದ್ದಾರೆ?

ಐದು ಸುತ್ತು, 60 ಗಂಟೆ, ಹೆಸರಿಗೆ ನೂರು ಮೈಲಿ. ಓಡಿದವರು ಅದಕ್ಕಿಂತ ಹೆಚ್ಚೆಂದು ಆಣೆ ಇಡುತ್ತಾರೆ. ಒಟ್ಟು ಏರು ಎವರೆಸ್ಟನ್ನು ಸಮುದ್ರಮಟ್ಟದಿಂದ ಎರಡು ಸಲ ಹತ್ತಿದಷ್ಟು. ಫೋನಿಲ್ಲ, ಜಿಪಿಎಸ್ ಇಲ್ಲ. ನಕ್ಷೆ ಮತ್ತು ದಿಕ್ಸೂಚಿ ಮಾತ್ರ. ಓಟ ಎಷ್ಟು ಹೊತ್ತಿಗೆ ಶುರುವೆಂದೂ ಹೇಳುವುದಿಲ್ಲ. ನಡುರಾತ್ರಿಯೋ ಬೆಳಗ್ಗೆಯೋ ಯಜಮಾನರಿಗೆ ತೋಚಿದಾಗ ಶಂಖ ಊದುತ್ತಾರೆ. ಇನ್ನು ಒಂದು ಗಂಟೆಯಿದೆ ಎಂದರ್ಥ. ಶಂಖದ ಸದ್ದು ಕೇಳಿದರೆ ಮಂಗಳಾರತಿಯೋ ಕುರುಕ್ಷೇತ್ರವೋ ಎಂದು ಕಾಯುವವರು ನಾವು. ಅಲ್ಲಿ ಗಂಟೆ ಕಳೆದ ಮೇಲೆ ಯಜಮಾನರು ಸಿಗರೇಟು ಹಚ್ಚುತ್ತಾರೆ. ಅದೇ ಓಟ ಆರಂಭದ ಸಂಕೇತ. ಒಂದೇ ಸಿಗರೇಟು ನಲವತ್ತು ಜೊತೆ ಶ್ವಾಸಕೋಶಗಳನ್ನು ಕೆಡಿಸುವುದು ಜಗತ್ತಿನಲ್ಲಿ ಅಲ್ಲೊಂದೇ ಕಡೆ ಇರಬೇಕು.

ಕಾಡಿನಲ್ಲಿ ಅಲ್ಲಲ್ಲಿ ಪುಸ್ತಕಗಳನ್ನು ಬಚ್ಚಿಟ್ಟಿರುತ್ತಾರೆ. ಓಟಗಾರ ಅವನ್ನು ಹುಡುಕಿ ತನ್ನ ನಂಬರಿನ ಪುಟವನ್ನು ಹರಿದು ತರಬೇಕು. ಆ ದಾರಿಯಲ್ಲಿ ಹೋಗಿದ್ದಕ್ಕೆ ಅದೇ ಸಾಕ್ಷಿ. ‘ಇಲಿಯ ದವಡೆ’ ಎಂಬ ಏರೊಂದಿದೆ. ವಿದ್ಯುತ್ ತಂತಿಯ ಕೆಳಗೆ ನೆಟ್ಟಗೆ ಮೇಲೇಳುವ ಗುಡ್ಡ, ತುಂಬ ಗರಗಸದಂಥ ಮುಳ್ಳುಬಳ್ಳಿ. ತೊಡೆಯಿಂದ ಪಾದದವರೆಗೆ ಕೆಂಪು ಗೀರು ಎಳೆಸಿಕೊಂಡು, ಮರಗಟ್ಟಿದ ಬೆರಳಲ್ಲಿ ಪುಟ ತಿರುವಿ, ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟುಕೊಳ್ಳುತ್ತಾರೆ. ಪುಸ್ತಕಕ್ಕೆ ಗಿರಾಕಿಗಳಿಲ್ಲ ಎಂದು ಕೊರಗುವ ನಮ್ಮ ಪ್ರಕಾಶಕರು ಗಮನಿಸಬೇಕು: ಒಂದೊಂದು ಹಾಳೆಗೂ ರಕ್ತ ಸುರಿಸುವ ಜನ ಇದ್ದಾರೆ. ಓದುವುದಿಲ್ಲ, ಅಷ್ಟೆ.

ಮೂರು ಸುತ್ತು ಮುಗಿಸಿ ನಿಂತರೆ ಅದಕ್ಕೆ ‘ಮೋಜಿನ ಓಟ’ ಎಂಬ ಹೆಸರು. ಸೋತು ಬಂದವರ ಎದುರು, ಸೈನಿಕರನ್ನು ಮಣ್ಣು ಮಾಡುವಾಗ ನುಡಿಸುವ ಕಹಳೆಯನ್ನು ಊದುತ್ತಾರೆ. ಶಿಬಿರದಲ್ಲಿ ಮಲಗಿದವರಿಗೆ ರಾತ್ರಿಯಿಡೀ ಇದೇ ಜೋಗುಳ. 2017ರಲ್ಲಿ ಗ್ಯಾರಿ ರಾಬಿನ್ಸ್ ಎಂಬ ಓಟಗಾರರು ಐದನೇ ಸುತ್ತಿನ ಕೊನೆಯಲ್ಲಿ ಮಂಜಿನಲ್ಲಿ ದಾರಿ ತಪ್ಪಿ, ಬರಬಾರದ ದಿಕ್ಕಿನಿಂದ ಬಂದು, 6 ಸೆಕೆಂಡು ತಡವಾಗಿ, ಓಟ ಮುಗಿಯುವ ಹಳದಿ ಗೇಟು ಮುಟ್ಟಿದರು. ಮೂರು ದಿನ ತಡವಾಗಿ ಬರುವ ಗುತ್ತಿಗೆದಾರರಿಗೂ ಹಾರ ಹಾಕುವ ನಾಡಿನವನಾದ ನನಗೆ ಇದನ್ನು ಓದಿ ಹೊಟ್ಟೆಯೊಳಗೆ ಏನೋ ಆಯಿತು.

2024ರಲ್ಲಿ ಬ್ರಿಟನ್ನಿನ ಪಶುವೈದ್ಯೆ, ಎರಡು ಮಕ್ಕಳ ತಾಯಿ ಜಾಸ್ಮಿನ್ ಪ್ಯಾರಿಸ್ 99 ಸೆಕೆಂಡು ಉಳಿದಿರುವಾಗ ಅದೇ ಗೇಟು ಮುಟ್ಟಿ ಕುಸಿದರು. ಐದೂ ಸುತ್ತು ಮುಗಿಸಿದ ಮೊದಲ ಮಹಿಳೆ. ಅವರನ್ನು ಗೇಲಿ ಮಾಡಲು ಪೆನ್ನು ಎತ್ತಿ ಕೆಳಗಿಟ್ಟೆ. ಮನೆ ಪಕ್ಕದ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಮೂರನೆಯದಕ್ಕೆ ಇಡ್ಲಿ ಹೋಟೆಲಿನ ಕಡೆ ತಿರುಗುವವನಿಗೆ ಅಷ್ಟು ಸಂಕೋಚವಾದರೂ ಇರಬೇಕು. ಹೇಗೂ ಮರುವರ್ಷ ಒಬ್ಬರೂ ಮುಗಿಸಲಿಲ್ಲ.

ಜೈಲು 2009ರಲ್ಲಿ ಮುಚ್ಚಿತು. ಈಗ ಟಿಕೆಟು ಕೊಂಡು ಕೈದಿಗಳ ಕೋಣೆ ನೋಡಬಹುದು. ಆವರಣದಲ್ಲೇ ಮದ್ಯವನ್ನೂ ತಯಾರಿಸುತ್ತಾರೆ. ಪ್ರವಾಸಿಗಳು ಮೇಲೆ ಗ್ಲಾಸು ಹಿಡಿದು ಕಂಬಿಗಳ ಮುಂದೆ ಫೋಟೊ ತೆಗೆಸಿಕೊಳ್ಳಬಹುದು. ಓಟದ ದಾರಿ ಅದೇ ಜೈಲಿನ ಅಡಿಯ ಸುರಂಗದಲ್ಲಿ ಹಾಯುತ್ತದೆ. ಅಲ್ಲಿ ತಲೆಗೆ ದೀಪ ಕಟ್ಟಿಕೊಂಡವರೊಬ್ಬರು ನೀರು ತುಳಿಯುತ್ತಾ, ಹರಿದ ಪುಟಗಳು ಎಲ್ಲ ಇವೆಯೋ ಎಂದು ಚೀಲ ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ.